ಬೆಟಗೇರಿಯೊಳಗ ಐದು ಮಣಿ

ಮಧ್ಯಾಹ್ನ ಮೂರಕ್ಕ ದಿನಾ ಸಾಯತೈತ್ರಿ,
ನಾಕೂವರಿಗೆ ಗುಂಡಿ ಒತ್ತಿದ್ರ
ಏನೂ ಆಗಿಲ್ಲದವರಂಗ ಎದ್ದು ಕೂಡತೈತಿ,
ಅಂತ ಫೋನಿನ್ಯಾಗ ಹೇಳಿದ್ದ ದಾವಲಸಾಬ.
ದೆವ್ವ ಅಲ್ಲ, ಬಿಸಿಲು, ಅಂದೆ.
ಏಪ್ರಿಲ್ ಮುಗೀಲಿಕ್ಕೆ ಬಂದಿತ್ತು. ಲಗ್ನಪತ್ರಿಕೆ ಸುಗ್ಗಿ.

ತುಳಜನಸಾ ಮೇರವಾಡೆಯವರ ಪ್ರೆಸ್ಸು.
ಟ್ರೆಡಲ್ ಇದ್ದ ಜಾಗಾದಾಗ ಈಗ ಲ್ಯಾಮಿನೇಶನ್ ಮಷಿನ್ನು.
ಗ್ವಾಡಿ ಆಚೆ ಅವರ ತಮ್ಮನ ಮಗ್ಗ,
ಎಷ್ಟದಾವ ಅಂತ ಕೇಳೂದು ಬ್ಯಾಡ,
ಈಚೆ ಚಾದ ಕಪ್ಪಿನ್ಯಾಗ ತೆರಿ ಏಳತಾವ.
ಮೂಲ್ಯಾಗ ಕಂಪ್ಯೂಟರು
ಒಂದು ಪಕ್ಕದ ತಗಡು ಬಿಚ್ಚಿ ಹೊಟ್ಟಿ ತಕ್ಕೊಂಡು ಕುಂತಿತ್ತು,
ಎದುರಿಗೆ ಟೇಬಲ್ ಫ್ಯಾನು, ಮೂರನೇ ನಂಬರಿನ್ಯಾಗ.
ಎರಡು ವರ್ಷಾತ್ರಿ ಹಿಂಗ, ಅಂದ ದಾವಲಸಾಬ
ಟವೆಲ್ಲಿಂದ ಕಿವಿ ಹಿಂದ ಒರಸಕೋತ.

ಚೀಲದಿಂದ ಡಬ್ಬಿ ತಗದೆ.
ಸಾಸಿವಿಗಿಂತ ದೊಡ್ಡ, ಜೋಳಕ್ಕಿಂತ ಸಣ್ಣ
ಕರೇ ಮಣಿ ಐದು, ಒಂದೊಂದಕ್ಕ ಕೂದಲಂಥ ಎರಡು ತಂತಿ.
ಇಷ್ಟಕ್ಕ ಇದರ ಜಡ್ಡು ತಿಳಿತೈತೇನ್ರಿ ಅಕ್ಕಾರ?
ಇಡೋ ಜಾಗಾ ನನಗ ತಿಳಿದಿದ್ರ ಅದಕ್ಕೂ ತಿಳಿತೈತಿ.

ಮೊದಲನೇದು ಮುಂದಿನ ಜಾಳಿಗಿ ಹಿಂದ,
ಗಾಳಿ ಒಳಗ ಕಾಲಿಡೋ ಹೊಸ್ತಿಲಿನ್ಯಾಗ.
ಎರಡನೇದು ಹಿಂದ, ಮ್ಯಾಲೆ, ಹೋಗೋ ಗಾಳಿಗೆ.
ಇವೆರಡೂ ತಗಡು ಮುಟ್ಟಬಾರದು.
ಮುಟ್ಟಿದ್ರ ತಗಡಿನ ಸುದ್ದಿ ಹೇಳತಾವ,
ಯಾರ ತೊಡಿ ಮ್ಯಾಲೆ ಕುಂತಿರತೈತೋ
ಅವರ ಪರ ಮಾತಾಡೋ ಹುಡುಗನಂಗ.
ಹಾರ್ಡ್‌ಡಿಸ್ಕಿನ ಬೆನ್ನಿಗೆ ಇಟ್ಟದ್ದು ಮಾತ್ರ ಮುಟ್ಟಬೇಕು,
ಒತ್ತಿ ಟೇಪ್ ಹಚ್ಚಿದೆ.
ಹನ್ನೊಂದು ವರ್ಷದ ಲಗ್ನ, ತೊಟ್ಟಿಲ, ಮನಿ ಪ್ರವೇಶ,
ತೀರಿಕೊಂಡವರ ಫೋಟೋಕ್ಕ ಕರೇ ಅಂಚು,
ಎಲ್ಲಾ ಅದರಾಗ.

ಪ್ರೊಸೆಸರ್ ಮ್ಯಾಲಿನ ಅಲ್ಯೂಮಿನಿಯಂ ಹಲ್ಲಿನ ನಡುವ
ಒಂದು ಮಣಿ ತೂರಸಬೇಕಂದ್ರ
ದಾರೀನ ಇಲ್ಲ.
ಕೆಂಪು, ಅರಿಷಿಣ, ಗಿಣಿಹಸರು.
ಗ್ವಾಡಿ ಆಚೆಯ ಸೀರಿ ಜುಂಗು ಕಿಂಡಿಯಿಂದ ಹಾರಿ,
ಫ್ಯಾನಿನ ಬೆನ್ನು ಹತ್ತಿ ಬಂದು,
ಹಲ್ಲುಹಲ್ಲಿಗೆ ಕುಂತು
ಯಾರೂ ಹೇಳದ ಒಂದು ಬಟ್ಟಿ ನೇಯ್ದಿತ್ತು.
ಚಿಮಟಾದಿಂದ ಎಳದೆ. ಹರೀಲಿಲ್ಲ, ಇಡೀ ಬಂತು.
ತುಳಜನಸಾ ಅದನ್ನ ಅಂಗೈಯಾಗಿಟ್ಟು
ಬೆಳಕಿಗೆ ತಿರುವಿ ನೋಡಿದರು, ಗಿರಾಕಿಯಂಗ.
ಈ ಕುಸುಬಿ ಬಣ್ಣ ಹ್ವಾದ ವರ್ಷನ ನಿಲ್ಲಿಸೇವಿ, ಅಂದರು.
ಒಗೀಲಿಲ್ಲ. ಗಲ್ಲೆದಾಗ ಇಟ್ಟರು.

ಒಂದು ಮಣಿ ಉಳೀತು.
ಎಲ್ಲಿಡಬೇಕು ತಿಳೀಲಿಲ್ಲ,
ದಾವಲಸಾಬನ ಕುರ್ಚಿ ಬೆನ್ನಿಗೆ ಇಳಿಬಿಟ್ಟೆ.

ಎರಡೂವರಿ. ತಗಡು ತಗದು, ಫ್ಯಾನು ಹಚ್ಚಿ, ನೋಡಿದ್ವಿ:
ಹಾರ್ಡ್‌ಡಿಸ್ಕು ಐವತ್ತೇಳು.
ತಗಡು ಮುಚ್ರಿ, ಅಂದೆ.
ಉಸರಗಟ್ಟತೈತಲ್ರಿ!
ಮುಚ್ರಿ.
ಸ್ಕ್ರೂ ಅಡಕಿ ಡಬ್ಬಿಯಾಗ ಎರಡು ಸಿಕ್ಕವು,
ಮೂರನೇದಕ್ಕ ಟೇಪ್.
ಪಕ್ಕ ತೆರದಿದ್ದಾಗ ಗಾಳಿ ಬಂದ ಬಾಗಿಲಿಂದನ ತಿರುಗಿ ಹೋಗತಿತ್ತು,
ಈಗ ಮನಿ ತುಂಬ ಹಾದು ಹೋಗೂದು ಬಿಟ್ರ ಅದಕ್ಕ ಗತಿ ಇಲ್ಲ.
ಐವತ್ತಮೂರು. ಐವತ್ತು. ನಲವತ್ತೆಂಟಕ್ಕ ನಿಂತು.
ಮೂರು ಹೊಡೀತು.
ಮೂರೂ ಇಪ್ಪತ್ತು.
ಪರದೆ ಮ್ಯಾಲೆ ಗಣಪತಿ ಹಂಗ ಕುಂತಿದ್ದ,
ಕೆಳಗ ಅರ್ಧಾ ಬರೆದ ಮದಲಿಂಗನ ಹೆಸರು.

ಮತ್ತ ಆ ಐದನೇದು? ಕೇಳಿದರು ತುಳಜನಸಾ.
ನಲವತ್ನಾಕು ಅಂದೆ.
ಪ್ರೆಸ್ಸಿನ್ಯಾಗ ಉಳಿದ ಕಡೆ ನಲವತ್ತ ಇತ್ತು.
ಲ್ಯಾಮಿನೇಶನ್ ಮಷಿನ್ನು ಆ ಕುರ್ಚಿ ಮಗ್ಗಲದಾಗ ಐತಿ,
ಅದನ್ನ ಯಾರೂ ಹೇಳಬೇಕಾಗಿರಲಿಲ್ಲ.

ಫ್ಯಾನಿನ ಕುತ್ತಿಗಿ ಹಿಡದು ಅವರು ಒಂಚೂರು ನಿಂತರು,
ಆಮ್ಯಾಲೆ ತಿರುವಿದರು.
ದಾವಲಸಾಬನ ಅಂಗಿ ಉಬ್ಬಿತು,
ಪ್ರೂಫ್ ಹಾಳಿ ಎಲ್ಲಾ ಎದ್ದು ಹಾರಿ
ಒಂದು ಬಾಗಿಲಿಗೆ, ಎರಡು ಮಗ್ಗದ ಕಡೆ,
ವಧೂ ಒಂದು ಕಡೆ, ಮುಹೂರ್ತ ಒಂದು ಕಡೆ.
ಅವ ನಕ್ಕೋತ, ಬೈಕೋತ ಆರಸಕೊಂಡು ಬಂದು
ಮ್ಯಾಲೆ ಹಳೇ ಸೀಸದ ಅಕ್ಷರ ಹೇರಿದ,
ದೊಡ್ಡ ಶ್ರೀ ಒಂದು, ಕಾಲು ಮುರದ ಮ ಒಂದು.

ಬಿಲ್ಲಿನ್ಯಾಗ ನಾಕು ಮಣಿ ಅಂತ ಬರದೆ.
ಐದನೇದು ಕುರ್ಚಿಗೇ ಮರತು ಬಂದೀನಿ.
ತರಾಕ ಹೋಗಬೇಕು, ಮೇ ತಿಂಗಳದಾಗ.